ಆಚೆ ದಂಡೆ ಮುಟ್ಟದ ಹರಿಗೋಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎತ್ತಿನ ಬಂಡಿ ಇರಲಿಲ್ಲ, ಹರಿಗೋಲು ಇತ್ತು. ಬಿದಿರು ಹೆಣೆದು, ಕೆಳಗೆ ಚರ್ಮ ಹೊದಿಸಿದ ದೊಡ್ಡ ಬುಟ್ಟಿ ಅದು. ಹುಲಿಗಿಯ ಹತ್ತಿರ ಅಪ್ಪ ಅದರಲ್ಲೇ ಜನರನ್ನು ತುಂಗಭದ್ರೆ ದಾಟಿಸುತ್ತಿದ್ದ. ಆ ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಸುರಿಯ ಬಯಕೆ ತೀರಿಸಬೇಕಲ್ಲ? ಏನು ಬೇಕೆಂದು ಕೇಳಿದರೆ ಮಾವಿನಕಾಯಿ ಕೇಳಲಿಲ್ಲ, ಹೋಳಿಗೆ ಕೇಳಲಿಲ್ಲ. ಹರಿಗೋಲಿನಲ್ಲಿ ಕೂತು, ದಂಡೆಯಲ್ಲಿ ವಸ್ತಿ ಮಾಡುತ್ತ ಆನೆಗೊಂದಿಯವರೆಗೆ ಹೋಗಬೇಕು ಎಂದಳು!

"ಬಸರಿ ಹೆಣಮಗಳು ಹೊಳಿ ದಾಟಬಾರದು. ಕೂಸಿಗೆ ಕೇಡು," ಎಂದು ಅವ್ವ ಹಟ ಹಿಡಿದಳು. ಅಕ್ಕನ ಮುಖ ಸಣ್ಣದಾಯಿತು. ಅಪ್ಪ ಮೀಸೆಯಲ್ಲೇ ನಕ್ಕ.

"ದಾಟೂದು ಬ್ಯಾಡ ಬಿಡ. ಈ ದಂಡಿ ಗುಂಟಾನ ಹೋಗಿ ಈ ದಂಡಿಗೇ ಇಳಿತೀವಿ."

"ಆಚಿ ದಂಡಿ ಮುಟ್ಟಿದ್ರ ನನಗ ಮಾರಿ ತೋರಿಸಬ್ಯಾಡ್ರಿ," ಎನ್ನುತ್ತಲೇ ಅವ್ವ ಬುತ್ತಿ ಕಟ್ಟಿದಳು.

ನಾನೂ ಹತ್ತಿದೆ. ಖುಷಿಗೆ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ, ಅಪ್ಪ ಗದರಿ ಕೂರಿಸಬೇಕಾಯಿತು. ಅವಸರವೇ ಇರಲಿಲ್ಲ. ಬಟ್ಟೆ ಒಗೆಯುವವರ ಜೊತೆ ಹರಟುತ್ತ, ಬಾಳೆತೋಟದ ನೆರಳಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ತೇಲಿದೆವು. ಹೊತ್ತು ಮುಳುಗುವ ಮುಂಚೆ ಮಾತ್ರ ದಂಡೆ ಹತ್ತಲೇಬೇಕಿತ್ತು. ಹರಿಗೋಲನ್ನು ಬೋರಲು ಹಾಕಿ ಒಣಗಿಸದಿದ್ದರೆ ಚರ್ಮ ಕೊಳೆಯುತ್ತದೆ. ಅದರ ಒಂದು ಮಗ್ಗುಲಿಗೆ ಕೋಲು ಕೊಟ್ಟು ಎತ್ತಿ, ಕೆಳಗೆ ನಾವು ಮಲಗಿದೆವು. ಎಣ್ಣೆ ಹಚ್ಚಿದ ಚರ್ಮ, ಮೀನು, ಒದ್ದೆ ಮರಳು, ಎಲ್ಲದರ ವಾಸನೆ ಒಟ್ಟಿಗೆ! ಅರಮನೆ ಕೊಟ್ಟರೂ ಬೇಡ ಎನ್ನುತ್ತಿದ್ದೆ.

ಮರುದಿನ ಬಂತು ನೋಡಿ ಪೇಚು. ಹೊಳೆಯೊಳಗೆ ಚಾಚಿದ ಬಂಡೆಯೊಂದನ್ನು ಸುತ್ತಿ ಹೋಗಬೇಕಾಯಿತು. ಅಲ್ಲಿ ಭಾರಿ ಸೆಳವು. ಅಪ್ಪನ ಹುಟ್ಟು ಬಂಡೆಯ ಸಂದಿಯಲ್ಲಿ ಸಿಕ್ಕಿ ಕೈತಪ್ಪಿತು. ಹರಿಗೋಲು ಬುಗುರಿಯ ಹಾಗೆ ಗಿರಗಿರ ತಿರುಗುತ್ತ ಆಚೆ ದಂಡೆಯತ್ತ ಹೊರಟೇಬಿಟ್ಟಿತು. ನನಗೋ ನೀರಿನ ಭಯಕ್ಕಿಂತ ಕೂಸಿನ ಭಯ. "ಅಪ್ಪಾ, ದಾಟಾಕತ್ತೀವಿ!" ಎಂದು ಕಿರುಚಿದೆ.

ಅಷ್ಟರಲ್ಲಿ ಅಕ್ಕ ಕಾಲಡಿಯಿದ್ದ ಇನ್ನೊಂದು ಹುಟ್ಟನ್ನು ತೆಗೆದು ಮೊಣಕಾಲೂರಿ ಕೂತಳು. ಅಪ್ಪ ಗಾಬರಿಯಿಂದ ಕೈ ಚಾಚಿದ.

"ನೀ ಸುಮ್ನ ಕುಂದ್ರಪ್ಪಾ. ನೀ ಎದ್ರ ಹರಗೋಲ ವಾಲತೈತಿ," ಎಂದವಳೇ ನೀರನ್ನು ತನ್ನತ್ತ ಎಳೆದಳು. ಮತ್ತೆ ಎಳೆದಳು. ಬಳೆಗಳು ಝಲ್ಲೆಂದವು. ತಿರುಗುವುದು ನಿಂತಿತು. ಕೈಗೆ ಸಿಗುವಷ್ಟು ಹತ್ತಿರ ಬಂದಿದ್ದ ಆಚೆ ದಂಡೆಯ ಜೊಂಡು ನಿಧಾನವಾಗಿ ದೂರವಾಯಿತು. ನಾನು ಹುಚ್ಚನ ಹಾಗೆ ಚಪ್ಪಾಳೆ ತಟ್ಟಿದೆ. ಅಂಬಿಗನ ಮಗಳೆಂದರೆ ಸುಮ್ಮನೆಯೇ! ನಮ್ಮ ದಂಡೆಗೆ ತಾಗಿದಾಗ ಅಕ್ಕ ಏದುಸಿರು ಬಿಡುತ್ತ ಹೊಟ್ಟೆಯ ಮೇಲೆ ಕೈ ಇಟ್ಟಳು.

"ಒದೀತು ನೋಡಪ್ಪಾ! ಕೂಸು ಆರಾಮ ಐತಿ."

ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ.

ಈಗ ಮೊಮ್ಮಕ್ಕಳು ನೀವು ಬಸ್ಸಿನಲ್ಲಿ ಸೇತುವೆ ದಾಟುತ್ತೀರಿ. ಮೊಬೈಲಿನಿಂದ ತಲೆ ಎತ್ತುವುದರೊಳಗೆ ಹೊಳೆ ಮುಗಿದಿರುತ್ತದೆ. ಸಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿದರೂ ಮೈಗೆ ಲೈಫ್ ಜಾಕೆಟು, ಒಂದು ಸುತ್ತು, ನಾಲ್ಕು ಫೋಟೊ. ಇರಲಿ, ಮಜಾ ಮಾಡಿ. ಆದರೆ ನಿಮ್ಮ ಅಜ್ಜಿಯ ಮುಂದೆ ಮಾತ್ರ ಜಂಬ ಕೊಚ್ಚಬೇಡಿ. ನಮ್ಮ ಕಡೆ ಆಗ ಅಕ್ಕನ ಮಗಳನ್ನೇ ಮದುವೆಯಾಗುವ ರೂಢಿಯಿತ್ತು, ನಾನೂ ಹಾಗೇ ಆದೆ. ಅಂದು ಒಳಗಿನಿಂದ ಒದ್ದವಳೇ ನಿಮ್ಮ ಅಜ್ಜಿ! ಬೇಕಾದರೆ ಕೇಳಿ ನೋಡಿ, ಈಗಲೂ ಅನ್ನುತ್ತಾಳೆ: "ಹುಟ್ಟು ಹಾಕಿದಾಕಿ ನಮ್ಮವ್ವ, ಖರೇ. ಈಚಿ ದಂಡಿಗೆ ತಿರುಗು ಅಂತ ಒದ್ದು ಹೇಳಿದಾಕಿ ನಾ!"