ಹಗ್ಗದ ರೊಪ್ಪ

ಚಿತ್ರದುರ್ಗದಲ್ಲಿ ಮೊನ್ನೆ ನಡೆದ ಗಣಿತ ಶಿಕ್ಷಕರ ತರಬೇತಿಯಲ್ಲಿ ಕೈಗೆ ಕೊಟ್ಟ ನೀಲಿ ಪ್ಲಾಸ್ಟಿಕ್ ಹಗ್ಗವನ್ನು ಮೂಗಿಗೆ ಹಿಡಿದು ನೋಡಿದೆ. ಯಾವ ವಾಸನೆಯೂ ಇರಲಿಲ್ಲ. ಪಕ್ಕದ ಟೀಚರ್ ನಕ್ಕರು. ನನಗೆ ಗಣಿತವೆಂದರೆ ಮೊದಲು ನೆನಪಾಗುವುದು ಕೊಳೆತ ಕತ್ತಾಳೆಯ ನಾತ ಎಂದು ಅವರಿಗೇನು ಗೊತ್ತು? ನಿಮಗೂ ಅಂಥ ಒಂದು ವಾಸನೆ ಇದ್ದೀತು. ಯಲ್ಲದಕೆರೆಯ ನಮ್ಮ ಮನೆಯ ಹಿತ್ತಲ ಗುಂಡಿಯಲ್ಲಿ ದೊಡ್ಡಪ್ಪ ಕತ್ತಾಳೆಯನ್ನು ನೀರಲ್ಲಿ ಕೊಳೆಹಾಕಿ, ನಾರು ತೆಗೆದು, ತೊಡೆಯ ಮೇಲೆ ಉಜ್ಜಿ ಹಗ್ಗ ಹೊಸೆಯುತ್ತಿದ್ದ. ಒಣಹಾಕಿದ ಬಟ್ಟೆಗೂ ನನ್ನ ಜಡೆಗೂ ಆ ನಾತ ಮೆತ್ತಿಕೊಂಡಿರುತ್ತಿತ್ತು. ಒಂದು ಉದ್ದನೆಯ ಹಗ್ಗ ಮಾತ್ರ ದನಕ್ಕೂ ಅಲ್ಲ, ಬಾವಿಗೂ ಅಲ್ಲ. ಅದು ಊರ ಶಾಲೆಯಲ್ಲಿ ಟೀಚರಾಗಿದ್ದ ದೊಡ್ಡಮ್ಮನ ಲೆಕ್ಕದ ಪಾಠಕ್ಕೆ.

ಒಂದು ದಿನ ಅವಳು ಆ ಹಗ್ಗದ ಎರಡೂ ತುದಿ ಸೇರಿಸಿ ಗಂಟು ಹಾಕಿ ನಮ್ಮನ್ನು ಬಯಲಿಗೆ ಕರೆದೊಯ್ದಳು. "ಇದೇ ಕುರಿ ಕೂಡೋ ರೊಪ್ಪ. ಹೆಂಗೆ ಕಟ್ಟಿದ್ರೆ ಜಾಸ್ತಿ ಕುರಿ ಹಿಡೀತಾವೆ, ನೀವೇ ನೋಡ್ರಿ" ಎಂದು ಬೇವಿನ ಮರದಡಿ ಬಾಯಿ ಮುಚ್ಚಿ ಕೂತುಬಿಟ್ಟಳು. ಕುರಿಗಳು ನಾವೇ. ಹಗ್ಗ ಒಂದೇ ಆದಮೇಲೆ ಒಳಗಿನ ಜಾಗವೂ ಒಂದೇ ಎಂದು ನಾವು ಜಗಳಕ್ಕೆ ಬಿದ್ದೆವು. ಉದ್ದಕ್ಕೆ ಎಳೆದು ಒಳಗೆ ನಿಂತರೆ ಅರ್ಧ ಮಕ್ಕಳು ಹೊರಗೆ. ಚೌಕ ಮಾಡಿದರೆ ಇನ್ನಷ್ಟು ಜನ ಒಳಗೆ. ಆಗ ಕುರಿಹಟ್ಟಿಯ ರಂಗಿ, ಅಲ್ಲಿವರೆಗೂ ಶಾಲೆಯಲ್ಲಿ ತುಟಿ ಬಿಚ್ಚದವಳು, "ಮೂಲೆ ತೆಗೀರಿ. ಮೂಲೇಗೆ ಸಿಕ್ಕಿ ಮರಿ ಉಸಿರುಕಟ್ಟಿ ಸಾಯ್ತಾವೆ" ಎಂದಳು. ಹಗ್ಗ ದುಂಡಗಾಯಿತು, ಹೊರಗಿದ್ದವರೂ ಒಳಗೆ ಬಂದರು. ದೊಡ್ಡಮ್ಮನ ಮುಖ ನೀವು ನೋಡಬೇಕಿತ್ತು. ಹಟ್ಟಿಗೆ ಅಲೆದು ಅಲೆದು ರಂಗಿಯನ್ನು ಶಾಲೆಗೆ ತಂದವಳು ಅವಳೇ.

ಅದೇ ಹೊತ್ತಿಗೆ ಜೀಪು ಬಂತು. ತಪಾಸಣೆಗೆ ಬಂದ ಸಾಹೇಬನ ಹೆಸರು ನಾನು ನೆನಪಿಟ್ಟುಕೊಂಡಿಲ್ಲ, ಅಷ್ಟು ಯೋಗ್ಯತೆ ಆ ಮನುಷ್ಯನಿಗಿಲ್ಲ. ರಂಗಿಯನ್ನೇ ತೋರಿಸಿ, ಆಯತದ ವಿಸ್ತೀರ್ಣದ ಸೂತ್ರ ಹೇಳು ಎಂದ. ಅವಳು ಇನ್ನೂ ಗೆದ್ದ ಖುಷಿಯಲ್ಲೇ, "ಮೂಲೆ ಇದ್ರೆ ಮರಿ ಸಾಯ್ತಾವೆ ಸಾ" ಎಂದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ರೀ ಮೇಡಂ, ಸ್ಕೂಲ್ ನಡೆಸ್ತೀರೋ, ಕುರಿ ಕಾಯ್ತೀರೋ?" ಜೊತೆಗಿದ್ದ ಊರ ಹಿರಿಯರೂ ಹಲ್ಲು ಕಿರಿದರು. ಹಗ್ಗ ದಾಟಿ ಹೋದ ರಂಗಿ ಮತ್ತೆ ಶಾಲೆಗೆ ಬರಲಿಲ್ಲ. ಕರೆಯಲು ಹೋದ ದೊಡ್ಡಮ್ಮನಿಗೆ ಅವಳ ಅವ್ವ, "ನಗೋರ ಮುಂದೆ ನಿಲ್ಲಾಕೆ ಕಳಿಸ್ಲೇನವ್ವ? ಕುರಿ ಹಿಂದೆ ಹೋಗ್ಲಿ ಬಿಡ್ರಿ" ಅಂದಳಂತೆ. ಆ ಬೇಸಿಗೆಗೆ ದೊಡ್ಡಮ್ಮನನ್ನು ಹೊಳಲ್ಕೆರೆ ಕಡೆಗೆ ಎತ್ತಿಹಾಕಿದರು. ದೊಡ್ಡಪ್ಪನೂ ಹೋದ. ಮನೆ ಬಿಕೋ ಎಂದಿತು, ಹಿತ್ತಲ ಗುಂಡಿ ಒಣಗಿತು.

ಈಗ ಅದೇ ಪಾಠವನ್ನು ಬಣ್ಣದ ಪೆಟ್ಟಿಗೆಯಲ್ಲಿಟ್ಟು, 'ಚಟುವಟಿಕೆ' ಎಂದು ಹೆಸರಿಟ್ಟು ನಮಗೆ ಹೇಳಿಕೊಡುತ್ತಾರೆ! ಮೊನ್ನೆಯ ತರಬೇತಿಯಲ್ಲಿ ಯಾವ ಆಕಾರದಲ್ಲಿ ಜಾಗ ಹೆಚ್ಚು ಎಂದು ಕೇಳಿದಾಗ ಇಡೀ ಸಭಾಂಗಣ ಕೂತಲ್ಲಿಂದಲೇ "ವೃತ್ತ" ಎಂದಿತು. ಹಗ್ಗದೊಳಗೆ ಯಾರೂ ಕಾಲಿಡಲಿಲ್ಲ. ಚಪ್ಪಾಳೆ ಬಿತ್ತು. ಈ ಚಪ್ಪಾಳೆಯಲ್ಲಿ ಒಂದನ್ನಾದರೂ ಅಂದು ಆ ಹುಡುಗಿಗೆ ತಟ್ಟಿದ್ದರೆ ನಿಮ್ಮ ಕೈ ಸವೆಯುತ್ತಿತ್ತೇ ಎಂದು ಕೂಗಬೇಕೆನಿಸಿತು.

ದೊಡ್ಡಮ್ಮ ತನ್ನ ವರ್ಗಾವಣೆಯ ಬಗ್ಗೆ ಎಂದೂ ಗೊಣಗಲಿಲ್ಲ. ಹೊಳಲ್ಕೆರೆಯ ಬಾಡಿಗೆ ಮನೆಯಲ್ಲಿ ಹಾಸಿಗೆ ಹಿಡಿದು ಮರೆವು ಕವಿದ ಮೇಲೆ, ನಾನು ಹೋದಾಗಲೆಲ್ಲ ಕೇಳುತ್ತಿದ್ದುದು ಒಂದೇ. "ರಂಗಿ ಇಸ್ಕೂಲಿಗೆ ಬಂದ್ಲೇನೆ?" ಅಷ್ಟು ಹೊತ್ತಿಗೆ ರಂಗಿಗೆ ಮೊಮ್ಮಕ್ಕಳಿದ್ದರು.

"ಬಂದ್ಲು ದೊಡ್ಡಮ್ಮ. ಒಳಗೇ ನಿಂತವ್ಳೆ" ಎನ್ನುತ್ತಿದ್ದೆ.