ದವಡೆ ಡಾಕ್ಟ್ರಮ್ಮನ ಕಾಗದದ ಪರೀಕ್ಷೆ

ಶುಕ್ರವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ಡಾಕ್ಟ್ರಮ್ಮ ಆಗಲೇ ಹಳೇ ನೋಟ್‌ಬುಕ್ಕಿನ ಹಾಳೆಯನ್ನು ಬೆರಳಗಲದ ಪಟ್ಟಿಗಳಾಗಿ ಹರಿಯುತ್ತಿದ್ದಾರೆ. ಎದುರಿಗೆ ದಪ್ಪ ಮರದ ಕಂಬಕ್ಕೆ ಬಿಗಿದ ಕಮ್ಮಾರರ ವೈಸ್: ನೆಲಕ್ಕೆ ಊರಿದ ಒಂದೇ ಕಾಲು, ಮೇಲೆ ಕಾದ ಕಬ್ಬಿಣವನ್ನು ಕಚ್ಚಿ ಹಿಡಿಯಬೇಕಾದ ಎರಡು ದವಡೆ. ದವಡೆಗಳ ಎರಡು ತುದಿಗೂ ಒಂದೊಂದು ಪಟ್ಟಿ ಇಟ್ಟು ಹಿಡಿ ಬಿಗಿಯುತ್ತಾರೆ. ಎಡಗಡೆಯದನ್ನು ಎಳೆದರೆ ಕಾಗದ ಹರಿಯುತ್ತದೆ. ಬಲಗಡೆಯದು ಬೆಣ್ಣೆಯಿಂದ ಕೂದಲು ತೆಗೆದಂತೆ ಈಚೆ ಬರುತ್ತದೆ.

“ನೋಡಿ, ಅರ್ಧ ಬಾಯಲ್ಲಿ ಕಚ್ಚುತ್ತೆ. ಇದರಲ್ಲಿ ಸರಳು ಹಿಡಿದು ಸುತ್ತಿಗೆ ಹೊಡೆದರೆ ಅದು ಎಗರದೆ ಇನ್ನೇನ್ ಮಾಡುತ್ತೆ?”

ಬೀದಿಗೆಲ್ಲ ಅವರು ದವಡೆ ಡಾಕ್ಟ್ರಮ್ಮ. ಹಲ್ಲುನೋವೆಂದು ಕೆನ್ನೆ ಹಿಡಿದುಕೊಂಡು ಬಂದವರೂ ಇದ್ದಾರಂತೆ. “ಬನ್ನಿ, ಇಕ್ಕಳ ನನ್ನತ್ರಾನೂ ಇದೆ ಅಂದೆ. ನೋವು ಅಲ್ಲೇ ವಾಸಿಯಾಯ್ತು,” ಎಂದು ನಗುತ್ತಾರೆ. ವಯಸ್ಸು ಐವತ್ಮೂರು. ಎಂಟು ವರ್ಷಗಳಲ್ಲಿ ನಾನೂರ ಹನ್ನೊಂದು ವೈಸ್‌ಗಳು ಇಲ್ಲಿಂದ ನೆಟ್ಟಗಾಗಿ ಹೋಗಿವೆ.

ಬಹುಪಾಲು ಬರುವಾಗಲೇ ಅರೆಜೀವ. ದವಡೆ ಕೂಡುತ್ತಿಲ್ಲ ಎಂದೊಡನೆ ಸಿಕ್ಕಸಿಕ್ಕವರು ಅರ ಹಿಡಿದು ದವಡೆಯನ್ನೇ ಉಜ್ಜಿರುತ್ತಾರೆ. ಅದನ್ನು ಕಂಡರೆ ಡಾಕ್ಟ್ರಮ್ಮನ ಮೈ ಉರಿಯುತ್ತದೆ. “ತಪ್ಪಿರೋದು ಕೆಳಗೆ, ದವಡೆ ಮಡಚೋ ಮೊಣಕಾಲಿನ ಬೋಲ್ಟಲ್ಲಿ. ಅದು ಸವೆದು ಕಾಲು ತಿರುಚಿಕೊಂಡಿರುತ್ತೆ. ಅದನ್ನ ಬಗ್ಗಿ ನೋಡೋಕೆ ಯಾರಿಗೂ ಸೊಂಟ ಇಲ್ಲ. ಕೈಗೆ ಸಿಕ್ಕಿದ್ದನ್ನ ಉಜ್ಜೋದು!” ಹೀಗೆನ್ನುವಾಗ ಅವರ ಕಣ್ಣು ಮೂಲೆಯ ಸ್ಟೂಲಿನ ಮೇಲೆ ಕೂತ ತಮ್ಮ ಯಜಮಾನರತ್ತ ಹೋಗುತ್ತದೆ.

ಯಜಮಾನರು ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕಮ್ಮಾರರಾಗಿದ್ದವರು. ಒಂಬತ್ತು ವರ್ಷದ ಹಿಂದೆ ಹದಿನೇಳನೇ ನಂಬರಿನ ವೈಸ್‌ನಿಂದ ಕಾದ ಸರಳು ಚಿಮ್ಮಿ ಬಲಗಣ್ಣು ಹೋಯಿತು. ವೈಸ್ ಸರಿಯಿಲ್ಲ ಎಂದು ಅವರು ಅದಕ್ಕೂ ಮೊದಲು ಮೂರು ಸಲ ಹೇಳಿದ್ದರು. ಕೇಳಿಸಿಕೊಂಡವರು ಯಾರು? ವಿಚಾರಣಾ ವರದಿ ಎರಡು ಸಾಲಿನಲ್ಲಿ ಕೈ ತೊಳೆದುಕೊಂಡಿತು: ‘ವೈಸ್ ಸುಸ್ಥಿತಿಯಲ್ಲಿತ್ತು. ಕೆಲಸಗಾರನ ಅಜಾಗರೂಕತೆಯೇ ಕಾರಣ.’ ಬರೆದ ಮಹಾನುಭಾವರು ಆ ವೈಸನ್ನು ಮುಟ್ಟಿಯೂ ನೋಡಿರಲಿಲ್ಲ. ಆ ಒಂದು ಪದ ಬೆನ್ನಿಗಂಟಿದ ಮೇಲೆ ಬೇರೆ ಯಾವ ಕುಲುಮೆಯೂ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ವರದಿ ತಿದ್ದಿ ಎಂದು ಕಾರ್ಖಾನೆಗೆ ಕೊಟ್ಟ ಅರ್ಜಿ ನಾಲ್ಕು ಸಲವೂ ‘ಸಾಕ್ಷ್ಯವಿಲ್ಲ’ ಎಂಬ ಮೊಹರು ಹೊತ್ತು ಹಿಂದೆ ಬಂತು.

“ಅಜಾಗರೂಕತೆಯಂತೆ! ಬೆಂಕಿಪೊಟ್ಟಣಾನೂ ಎಟುಕದ ಹಾಗೆ ಮೇಲಿಟ್ಟು, ಆಮೇಲೆ ತಾವೇ ಹುಡುಕೋ ಮನುಷ್ಯ ಇವರು,” ಎನ್ನುತ್ತಾ ಡಾಕ್ಟ್ರಮ್ಮ ಕುಲುಮೆಗೆ ಇದ್ದಿಲು ಸುರಿಯುತ್ತಾರೆ. ಕೆಲಸ ಕಲಿಸಿದ್ದು ಇದೇ ಮನುಷ್ಯ. ಸ್ಟೂಲಿನ ಮೇಲೆ ಕೂತು ಅವರು ಹೇಳಿದರು, ಡಾಕ್ಟ್ರಮ್ಮ ಸುತ್ತಿಗೆ ಹೊಡೆದರು. ಕೊನೆಯ ಪರೀಕ್ಷೆ ಇವತ್ತಿಗೂ ಯಜಮಾನರದೇ. ಇರುವ ಒಂದು ಕಣ್ಣನ್ನೂ ಮುಚ್ಚಿ ಕಾಗದ ಎಳೆಯುತ್ತಾರೆ. ಎರಡು ಕಡೆಯೂ ಹರಿದರೆ ಪಾಸು.

ಈ ಸೋಮವಾರ ಅದೇ ಕಾರ್ಖಾನೆಯ ಗಾಡಿ ಬಂತು. ಇಳಿಸಿದ ವೈಸ್‌ನ ತುಕ್ಕು ಒರೆಸಿದರೆ ಕಾಲಿನ ಮೇಲೆ ಹದಿನೇಳು! ಜೊತೆಗೆ ಉಗ್ರಾಣದ ಚೀಟಿ, ಸಹಿ ಮೊಹರು ಸಮೇತ: ‘ಅಪಘಾತದ ದಿನದಿಂದ ಉಗ್ರಾಣದಲ್ಲಿದೆ, ಬಳಸಿಲ್ಲ. ಬೋಲ್ಟು ಸವೆದಿದೆ, ದವಡೆ ಕೂಡುತ್ತಿಲ್ಲ. ಸರಿಪಡಿಸಿ.’ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ಬೋಲ್ಟು ತನಗೆ ತಾನೇ ಸವೆಯಿತೇ? ನಾಚಿಕೆಯಿಲ್ಲದ ಸುಳ್ಳನ್ನು ಕಾರ್ಖಾನೆಯೇ ತನ್ನ ಕೈಯಾರೆ ಬಯಲು ಮಾಡಿತ್ತು, ಅದೂ ಗೊತ್ತಿಲ್ಲದೆ.

ಮರುದಿನವೇ ಚೀಟಿಯ ನಕಲು ಐದನೇ ಅರ್ಜಿಯ ಜೊತೆ ಹೋಯಿತು. ನಿನ್ನೆ ಉಗ್ರಾಣದವನು ಏದುಸಿರು ಬಿಡುತ್ತಾ ಬಂದ. “ಅಮ್ಮಾ, ಚೀಟೀಲಿ ತಪ್ಪಾಗಿದೆ. ವಾಪಸ್ ಕೊಡಿ, ಬೇರೆ ಬರ್ಕೊಡ್ತೀವಿ.”

“ವೈಸ್ ನಿಮ್ದು, ರಿಪೇರಿ ಮಾಡಿ ಕೊಡ್ತೀನಿ. ಚೀಟಿ ನಂದು,” ಎಂದರಂತೆ ಡಾಕ್ಟ್ರಮ್ಮ. ಅಷ್ಟಕ್ಕೇ ಬಿಡದೆ ಅವನ ಕೈಯಲ್ಲೇ ಕಾಗದ ಎಳೆಸಿದರು. ಬಲಗಡೆಯ ಪಟ್ಟಿ ಸಲೀಸಾಗಿ ಈಚೆ ಬಂದಾಗ ಅವನು ತಲೆ ತಗ್ಗಿಸಿಕೊಂಡು ಹೋದ.

ರಿಪೇರಿ ಮಾಡದೆ ಹಾಗೇ ಇಟ್ಟುಕೊಳ್ಳಿ, ವೈಸೇ ಸಾಕ್ಷಿ ಎಂದು ಪಕ್ಕದ ಬೆಸುಗೆಯವರು ಹೇಳಿದ್ದರು. ಡಾಕ್ಟ್ರಮ್ಮ ಒಪ್ಪಿಲ್ಲ. “ಕಾರ್ಖಾನೆಯವರು ಇದನ್ನ ಹೀಗೇ ಕಿತ್ಕೊಂಡು ಹೋದ್ರೆ? ನಾಳೆ ಇದರ ಮುಂದೆ ಇನ್ಯಾರದೋ ಗಂಡ ನಿಲ್ತಾನೆ. ನಮ್ಮ ನ್ಯಾಯಕ್ಕೆ ಅವನ ಕಣ್ಣು ಹೋಗ್ಬೇಕಾ? ನಮಗೆ ಆ ಪದ ಒಂದನ್ನ ಹೊಡೆದು ಹಾಕಿದ್ರೆ ಸಾಕು.”

ಬೆಳಿಗ್ಗೆ ಕಾಗದ ಜಾರಿದ ಆ ಹದಿನೇಳರ ಕಾಲನ್ನು ಕೆಂಪಗೆ ಕಾಯಿಸಿ ತಿರುಚು ಬಿಡಿಸುತ್ತಾರೆ. ಸವೆದ ತೂತಿಗೆ ಉಕ್ಕಿನ ಬಳೆ ಕೂರಿಸಿ, ಹೊಸ ಬೋಲ್ಟು ಹಾಕಿ, ಸಂದಿಗೆ ತೆಳು ವಾಷರ್ ತುಂಬುತ್ತಾರೆ. ದವಡೆಗೆ ಅರ ತಾಗಿಸುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸೆರಗಿನಲ್ಲಿ ಬೆವರೊರೆಸಿಕೊಂಡು, “ಬನ್ನಿ,” ಎಂದು ಕರೆಯುತ್ತಾರೆ.

ಯಜಮಾನರು ಎದ್ದು ಬಂದು ಹದಿನೇಳರ ಹಿಡಿ ಬಿಗಿಯುತ್ತಾರೆ. ಕಣ್ಣು ಮುಚ್ಚಿ ಎಡಗಡೆ ಎಳೆಯುತ್ತಾರೆ, ಹರಿಯುತ್ತದೆ. ಬಲಗಡೆಯ ಪಟ್ಟಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತಾರೆ. ಆಮೇಲೆ ಎಳೆಯುತ್ತಾರೆ. ಅದೂ ಹರಿಯುತ್ತದೆ.

ಆ ತುಂಡನ್ನು ಹೆಂಡತಿಯ ಕೈಗಿಟ್ಟು ಹೇಳುತ್ತಾರೆ: “ಈಗ ಬರ್ಕೊಳ್ಳೋಕೆ ಹೇಳು ಅವರಿಗೆ, ವೈಸ್ ಸುಸ್ಥಿತಿಯಲ್ಲಿದೆ ಅಂತ.”