ರತ್ನಾವತಿ ಟೀಚರ್ ನೀರು ಕುಡಿದ ದಿನ

ಬಲ್ಮಠದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ರತ್ನಾವತಿ ಆಟದ ಟೀಚರ್ ಆಗಿದ್ದರು. ಎಪ್ಪತ್ತರ ದಶಕದಲ್ಲಿ ಅವರ ಥ್ರೋಬಾಲ್ ತಂಡ ಸೋತದ್ದು ಕಡಿಮೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀಟಿ ಊದುತ್ತ ಬಿಸಿಲಲ್ಲಿ ಮೈದಾನವಿಡೀ ಓಡಾಡುತ್ತಿದ್ದ ಹೆಂಗಸು, ೧೯೮೫ರಲ್ಲಿ ಕಾಲು ಊದಿಕೊಂಡು ಆಸ್ಪತ್ರೆ ಸೇರಿದರು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಅಲ್ಲಿಂದ ವಾರಕ್ಕೆರಡು ಸಲ ಡಯಾಲಿಸಿಸ್.

ಗಂಡ ಸಂಕಪ್ಪ ಶೆಟ್ಟರದು ಬೈಕಂಪಾಡಿಯಲ್ಲಿ ಹೋಟೆಲು. ಅದನ್ನು ತಮ್ಮನಿಗೆ ಒಪ್ಪಿಸಿ ಅವರು ಶಕ್ತಿನಗರದ ಮನೆಯಲ್ಲೇ ಉಳಿದರು. ಕುಡಿದ ನೀರು ಹೊರಗೆ ಹೋಗದೆ ಎದೆಯಲ್ಲಿ ತುಂಬಿ ಉಸಿರು ಕಟ್ಟಿಸುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಹೆಂಡತಿ ನೀರು ಕುಡಿಯದಂತೆ ಶೆಟ್ಟರು ಕಾವಲು ಕಾಯತೊಡಗಿದರು. ಗಂಜಿಯ ತಿಳಿಯನ್ನೂ ಬಸಿದು ಕೊಡುವರು. ಹೆಂಡತಿ ಬಾಯಿ ಮುಕ್ಕಳಿಸಲು ಹೋದರೂ ಬಚ್ಚಲ ಬಾಗಿಲಲ್ಲಿ ನಿಲ್ಲುವರು. ನೀರಿನ ಜಗಳ ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತು ಹೆಚ್ಚು ಉಳಿಯಲಿಲ್ಲ.

ಎರಡು ವರ್ಷ ಹೀಗೆ ಸಾಗಿದ ಮೇಲೆ ಮಲದಲ್ಲಿ ರಕ್ತ ಕಾಣಿಸಿತು. ಟೀಚರ ಮುಖ ಬಿಳಿಚಿತು. ಎಷ್ಟು ರಕ್ತ ಏರಿಸಿದರೂ ಸೋರಿ ಹೋಗುತ್ತಿತ್ತು. ಡಾಕ್ಟರ್ ರಾಧಾಕೃಷ್ಣ, ಕೊಳವೆ ಹಾಕಿ ಕರುಳಿನ ಒಳಗೆ ನೋಡಬೇಕು ಎಂದರು.

"ಬೇಡ ಡಾಕ್ಟ್ರೇ," ಎಂದರು ಟೀಚರ್. "ಸೂಜಿ ಚುಚ್ಚಿ ಚುಚ್ಚಿ ಸಾಕಾಗಿದೆ. ಇನ್ನು ಕೊಳವೆ ಎಂತಕ್ಕೆ?"

"ಇದರಲ್ಲಿ ಅಪಾಯ ಉಂಟಾ?" ಶೆಟ್ಟರು ಕೇಳಿದರು.

ಡಾಕ್ಟರು ಮುಚ್ಚಿಡಲಿಲ್ಲ. "ಉಂಟು. ಬೇರೆಯವರಿಗಿಂತ ಇವರಿಗೆ ಸ್ವಲ್ಪ ಹೆಚ್ಚೇ. ಕರುಳಿಗೆ ಪೆಟ್ಟಾಗಬಹುದು, ರಕ್ತ ಬೇಗ ನಿಲ್ಲದೆ ಇರಬಹುದು. ಆದರೆ ಎಲ್ಲಿ ಸೋರ್ತದೆ ಅಂತ ನೋಡದೆ ಬಿಡುವುದು ಅದಕ್ಕಿಂತ ಅಪಾಯ. ಹಿಂದಿನ ದಿನ ಡಯಾಲಿಸಿಸ್ ಮಾಡಿಸಿಯೇ ಮಾಡುವ."

ಟೀಚರ್ ಗೋಡೆಯ ಕಡೆ ಮುಖ ಮಾಡಿ ಮಲಗಿದರು. "ಏನಾದರೂ ಮಾಡಿ," ಎಂದರು. ಒಪ್ಪಿ ಹೇಳಿದ್ದಕ್ಕಿಂತ, ವಾದ ಮಾಡುವ ತ್ರಾಣವಿಲ್ಲದೆ ಹೇಳಿದ್ದೇ ಹೆಚ್ಚು.

ಡಯಾಲಿಸಿಸ್ ನೋಡಿಕೊಳ್ಳುವ ಲಿಗೋರಿ ಆ ಸಲ ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಹಾಕಲಿಲ್ಲ. ಪರೀಕ್ಷೆಯಲ್ಲಿ ರಕ್ತ ಹೆಚ್ಚು ಹೋಗಬಾರದೆಂದು ಡಾಕ್ಟರರ ಆಜ್ಞೆ. ಮೆಶಿನ್ನಿನ ಕೊಳವೆ ಕಟ್ಟಿಕೊಳ್ಳದ ಹಾಗೆ ಅವನು ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ಸಲೈನ್ ಹರಿಸುತ್ತಿದ್ದ.

ಅಂದು ಮಧ್ಯಾಹ್ನ ಕರುಳು ಖಾಲಿ ಮಾಡಬೇಕಿತ್ತು. ಅಂಗಡಿಯಲ್ಲಿ ಸಿಗುವ ಭೇದಿ ಉಪ್ಪು ಇವರ ಮೈಯಲ್ಲೇ ಉಳಿದು ಹೃದಯ ನಿಲ್ಲಿಸೀತೆಂದು, ಡಾಕ್ಟರು ಬೊಂಬಾಯಿಯಿಂದ ಬೇರೊಂದು ಪುಡಿ ತರಿಸಿದ್ದರು. ಅದನ್ನು ನೀರಲ್ಲಿ ಕಲಸಿ ಕುಡಿಯಬೇಕು. ನರ್ಸು ತಂದಿಟ್ಟದ್ದು ನಾಲ್ಕು ಲೀಟರು.

ಶೆಟ್ಟರು ಎದ್ದೇ ನಿಂತರು. "ಇಷ್ಟನ್ನೂ ಇವಳಿಗಾ? ಕೊಲ್ಲುವ ಅಂದಾಜಾ ನಿಮ್ಮದು?"

ಡಾಕ್ಟರೇ ಬಂದು ಸಮಾಧಾನ ಹೇಳಿದರು. "ಇದನ್ನು ಮೈ ಹೀರಿಕೊಳ್ಳುವುದಿಲ್ಲ ಶೆಟ್ರೇ. ಹೋದ ಹಾಗೆಯೇ ಹೊರಗೆ ಬರ್ತದೆ. ಉಸಿರಾಟ ನಾವು ನೋಡ್ತಾ ಇರ್ತೇವೆ."

ಮೊದಲ ಲೋಟವನ್ನು ಶೆಟ್ಟರೇ ತುಂಬಿಸಿ ಕೊಟ್ಟರು. ಟೀಚರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಕುಡಿದರು. ಕುಡಿದು ಮುಖ ಹಿಂಡಿದರು.

"ಎಂತ ಆಯ್ತು?"

"ಸಮುದ್ರದ ನೀರು ಮಾರಾಯ್ರೆ!"

ಆರನೆಯ ಲೋಟಕ್ಕೆ ವಾಂತಿಯಾಯಿತು. "ಇನ್ನು ಸಾಧ್ಯ ಇಲ್ಲ," ಎಂದು ಅತ್ತರು. ಶೆಟ್ಟರು ಬೆನ್ನು ನೀವುತ್ತ, "ಇನ್ನೊಂಚೂರು ಕುಡಿ," ಎಂದರು. ಆ ಮಾತು ತಮ್ಮ ಬಾಯಲ್ಲಿ ಬಂದೀತೆಂದು ಅವರು ಎಣಿಸಿರಲಿಲ್ಲ. ಟೀಚರಿಗೆ ಅಳುವಿನ ನಡುವೆಯೇ ನಗು ಬಂತು. ಸಂಜೆಯೊಳಗೆ ಹೇಗೋ ಮುಗಿಯಿತು. ಎದೆಗೆ ನೀರು ತುಂಬಲಿಲ್ಲ.

ಮರುದಿನ ಬೆಳಿಗ್ಗೆ ಕೊಳವೆ ಹಾಕಿ ನೋಡಿದಾಗ ಕರುಳಿನ ಬಲಭಾಗದಲ್ಲಿ ಜೇಡನ ಕಾಲಿನಂಥ ಕೆಂಪು ರಕ್ತನಾಳಗಳು ಕಂಡವು. ಸೋರುತ್ತಿದ್ದುದು ಅಲ್ಲಿಂದಲೇ. ಡಾಕ್ಟರು ಅವನ್ನು ಕರೆಂಟಿನಿಂದ ಸುಟ್ಟರು. ಸಂಜೆ ಬಿ.ಪಿ. ಇಳಿದು, ಮತ್ತಷ್ಟು ರಕ್ತ ಹೋಗಿ ಎಲ್ಲರೂ ಹೆದರಿದರು. ಕರುಳಿಗೆ ಪೆಟ್ಟಾಗಿರಲಿಲ್ಲ. ಒಂದು ಬಾಟ್ಲಿ ರಕ್ತ ಏರಿಸಿದ ಮೇಲೆ ನಿಂತಿತು.

"ಕ್ಯಾನ್ಸರ್ ಅಲ್ಲ," ಎಂದು ಡಾಕ್ಟರು ಹೇಳಿದಾಗ ಶೆಟ್ಟರು ಅವರಿಗೆ ಕೈ ಮುಗಿದರು. ಟೀಚರ್ ಮಾತ್ರ ಕೇಳಿದ್ದು, "ಶನಿವಾರ ಡಯಾಲಿಸಿಸ್ ಇದ್ದೇ ಉಂಟಲ್ಲ?"

ಇತ್ತು. ಆಮೇಲೂ ಇತ್ತು. ಟೀಚರಿಗೆ ನಡೆದಾಡುವಷ್ಟು ಶಕ್ತಿ ಬಂತು. ಒಮ್ಮೆ ಶಾಲೆಗೂ ಹೋಗಿ ಬಂದರು. ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡಿತು. ಮತ್ತೆ ಕೊಳವೆ ಹಾಕಿಸಬೇಕೆಂದು ಹೇಳಲು ಶೆಟ್ಟರು ತಡವರಿಸುತ್ತಿದ್ದರೆ, ಟೀಚರ್ ಆಗಲೇ ಚೀಲಕ್ಕೆ ಸೀರೆ ತುಂಬುತ್ತಿದ್ದರು.

"ಹೆಪಾರಿನ್ ಬೇಡ ಅಂತ ಲಿಗೋರಿಗೆ ನಾನೇ ಹೇಳ್ತೇನೆ. ನೀವು ರಿಕ್ಷಾ ಕರೀರಿ."